ಸುರಕ್ಷತೆಯ ವೆಚ್ಚಕ್ಕೆ ಕತ್ತರಿ ಬಿದ್ದಾಗ

ವ್ಯಾಪಾರ ಇಳಿಮುಖವಾದಾಗ ವೆಚ್ಚ ತಗ್ಗಿಸಲು ಯತ್ನಿಸುವುದು ಉದ್ಯಮಿಗೆ ಸಹಜವಾದುದೇ. ಕಚ್ಚಾ ಸಾಮಗ್ರಿಯ ಗುಣಮಟ್ಟ ಇಳಿಸಿದರೆ ಗ್ರಾಹಕರು ದೂರುತ್ತಾರೆ; ವಿದ್ಯುತ್ ಬಿಲ್ಲು ಪಾವತಿಸದಿದ್ದರೆ ಯಂತ್ರ ನಿಲ್ಲುತ್ತದೆ. ಸುರಕ್ಷತೆಯ ಬಾಬ್ತಿನಲ್ಲಿ ಉಳಿಸಿದರೆ ಮಾತ್ರ ಮರುದಿನ ಏನೂ ಸಂಭವಿಸುವುದಿಲ್ಲ. ಆದುದರಿಂದಲೇ ಈ ಕಡಿತವು ಲೆಕ್ಕಪತ್ರದಲ್ಲಿ ಲಾಭವೆಂದೇ ತೋರುತ್ತದೆ. ಇದಕ್ಕೆ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಗಿಂತ ದೊಡ್ಡ ನಿದರ್ಶನ ನಮ್ಮ ದೇಶದಲ್ಲಿಲ್ಲ.

1984ರ ಡಿಸೆಂಬರ್ 2ರ ರಾತ್ರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ತುಂಬಿದ್ದ 610ನೇ ಸಂಖ್ಯೆಯ ತೊಟ್ಟಿಗೆ ನೀರು ಸೇರಿತು. ನೀರು ಹೇಗೆ ಸೇರಿತೆಂಬ ವಿಷಯದಲ್ಲಿ ಕಂಪನಿಯ ವಾದವೇ ಬೇರೆ, ಇತರರ ವಾದವೇ ಬೇರೆ. ಪ್ರಸ್ತುತ ಚರ್ಚೆಗೆ ಅದು ಮುಖ್ಯವಲ್ಲ. ಇಂತಹ ಅವಘಡವನ್ನು ತಡೆಯಲೆಂದೇ ಅಳವಡಿಸಿದ್ದ ವ್ಯವಸ್ಥೆಗಳು ಅಂದು ಯಾವ ಸ್ಥಿತಿಯಲ್ಲಿದ್ದವು ಎಂಬುದೇ ಮುಖ್ಯ.

ರಾಸಾಯನಿಕವನ್ನು ತಣ್ಣಗಿಡಬೇಕಾಗಿದ್ದ ಶೀತಲೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅದರಲ್ಲಿದ್ದ ಫ್ರಿಯಾನ್ ಅನಿಲವನ್ನು ಕಾರ್ಖಾನೆಯ ಬೇರೆಡೆ ಬಳಸಲಾಗಿತ್ತು. ಸೋರಿದ ಅನಿಲವನ್ನು ಕಾಸ್ಟಿಕ್ ಸೋಡಾದಿಂದ ತೊಳೆಯುವ ಸ್ಕ್ರಬ್ಬರ್ ಚಾಲನೆಯಲ್ಲಿರಲಿಲ್ಲ. ಉಳಿದುದನ್ನು ಸುಡಬೇಕಾಗಿದ್ದ ಗೋಪುರದ ಕೊಳವೆ ತುಕ್ಕು ಹಿಡಿದಿದ್ದರಿಂದ ಅದನ್ನು ಬಿಚ್ಚಿಡಲಾಗಿತ್ತು, ಹೊಸದನ್ನು ಜೋಡಿಸಿರಲಿಲ್ಲ. ನೀರಿನ ತುಂತುರು ಅನಿಲ ಹೊರಬೀಳುತ್ತಿದ್ದ ಎತ್ತರಕ್ಕೆ ತಲಪಲಿಲ್ಲ. ಆ ವಿಭಾಗದ ಸಿಬ್ಬಂದಿಯನ್ನೂ ಅದಕ್ಕೆ ಮುನ್ನವೇ ಕಡಿಮೆ ಮಾಡಲಾಗಿತ್ತು.

ಇವುಗಳಲ್ಲಿ ಯಾವೊಂದು ನಿರ್ಧಾರವೂ ಪ್ರತ್ಯೇಕವಾಗಿ ನೋಡಿದಾಗ ಹುಚ್ಚುತನವೆನಿಸುವುದಿಲ್ಲ. ಕೀಟನಾಶಕಕ್ಕೆ ಬೇಡಿಕೆ ಕುಸಿದು ಕಾರ್ಖಾನೆ ನಷ್ಟದಲ್ಲಿತ್ತು. ಆ ವೇಳೆಗೆ ಮೀಥೈಲ್ ಐಸೋಸಯನೇಟ್ ಉತ್ಪಾದನೆಯೂ ನಿಂತಿತ್ತು. ಉತ್ಪಾದನೆಯೇ ಇಲ್ಲದಾಗ ಇವೆಲ್ಲ ಏಕೆಂದು ವ್ಯವಸ್ಥಾಪಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ದಾಸ್ತಾನು ತೊಟ್ಟಿಯಲ್ಲಿಯೇ ಇತ್ತು. ಒಂದು ವ್ಯವಸ್ಥೆ ಕೈಕೊಟ್ಟರೆ ಇನ್ನೊಂದಿದೆ ಎಂಬ ಭರವಸೆಯಲ್ಲಿ ಎಲ್ಲವೂ ಒಂದೊಂದಾಗಿ ಸ್ಥಗಿತಗೊಂಡಿದ್ದವು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. 1989ರಲ್ಲಿ ಕಂಪನಿ 47 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. 2010ರಲ್ಲಿ ಭೋಪಾಲದ ನ್ಯಾಯಾಲಯವು ಭಾರತೀಯ ಕಂಪನಿಯ ಏಳು ಮಂದಿ ಮಾಜಿ ಅಧಿಕಾರಿಗಳಿಗೆ ತಲಾ 2 ವರ್ಷಗಳ ಶಿಕ್ಷೆ ವಿಧಿಸಿತು.

ನಮ್ಮ ಸಣ್ಣ ಘಟಕಗಳಿಗೂ ಇದಕ್ಕೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಪವರ್ ಪ್ರೆಸ್ ಇರುವ ಯಾವುದೇ ಶೆಡ್ಡಿಗೆ ಹೋಗಿ ನೋಡಿ. ಎರಡೂ ಕೈಗಳಿಂದ ಒತ್ತಿದರಷ್ಟೇ ಪ್ರೆಸ್ ಇಳಿಯುವಂತೆ ಎರಡು ಗುಂಡಿಗಳಿರುವುದು ಕೈಗಳು ಅಚ್ಚಿನಿಂದ ಹೊರಗಿರಲೆಂದು. ಅವುಗಳಲ್ಲೊಂದನ್ನು ಕಟ್ಟಿಹಾಕಿದರೆ ಗಂಟೆಗೆ ಒಂದಷ್ಟು ಹೆಚ್ಚು ನಗ ಹೊರಬರುತ್ತವೆ, ಒಂದು ಕೈ ಮಾತ್ರ ಅಚ್ಚಿನ ನಡುವೆ ಓಡಾಡುತ್ತಿರುತ್ತದೆ. ಬೆರಳು ಹೋದ ದಿನ ಕಾರ್ಮಿಕನ ಅಜಾಗರೂಕತೆ ಎಂದು ಬರೆದುಕೊಳ್ಳುತ್ತೇವೆ. ನಗಕ್ಕಿಷ್ಟು ಎಂದು ಕೂಲಿ ಗೊತ್ತುಮಾಡಿದವರು ಯಾರೆಂಬ ಪ್ರಶ್ನೆ ಆ ವರದಿಯಲ್ಲಿ ಬರುವುದಿಲ್ಲ.

ರಿಪೇರಿಗಾಗಿ ರಕ್ಷಣಾ ಕವಚವನ್ನು ಬಿಚ್ಚಲೇಬೇಕಾದ ಸಂದರ್ಭಗಳಿವೆ. ಆಗ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಅದರ ಕೀಲಿ ರಿಪೇರಿ ಮಾಡುವವನ ಬಳಿಯೇ ಇರುವಂತೆ ನೋಡಿಕೊಳ್ಳಬೇಕು. ಬಿಚ್ಚಿದವರು ಯಾರು, ಏಕೆ, ಮರುಜೋಡಣೆ ಎಂದು ಎಂಬ ಮೂರು ವಿವರಗಳು ಪಾಳಿಯ ರಿಜಿಸ್ಟರಿನಲ್ಲಿರಲಿ. ಆ ಪುಟಕ್ಕೆ ಸೂಪರ್‌ವೈಸರನಲ್ಲ, ಮಾಲೀಕರೇ ಸಹಿ ಹಾಕಲಿ.