ಪ್ರಾಣಾಯಾಮ ಮಾಡಿದರೆ ಇನ್‌ಹೇಲರ್ ಬಿಡಬಹುದೇ? ಜಿಗಣಿಯ ಸಂಶೋಧನೆ ನಿಜಕ್ಕೂ ಹೇಳಿದ್ದೇನು?

ಚಳಿಗಾಲ ಶುರುವಾಗಿ ಮನೆಯಲ್ಲಿ ಒಬ್ಬರಿಗಾದರೂ ಕೆಮ್ಮು, ದಮ್ಮು ಹತ್ತಿಕೊಂಡರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಮಾತು ಬೇರೆ ಬೇರೆ ಇರಬಹುದು, ಸಾರ ಮಾತ್ರ ಒಂದೇ: ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿ ಯೋಗದ ಬಗ್ಗೆ ದೊಡ್ಡ ಸಂಶೋಧನೆ ಆಗಿದೆ, ವಿದೇಶದ ಪತ್ರಿಕೆಯಲ್ಲಿ ಬಂದಿದೆ, ದಿನಾ ಪ್ರಾಣಾಯಾಮ ಮಾಡಿದರೆ ಅಸ್ತಮಾ ವಾಸಿಯಾಗುತ್ತದೆ, ಪಂಪ್ ಅಭ್ಯಾಸವಾಗುವ ಮೊದಲು ಬಿಟ್ಟುಬಿಡಿ.

ಇದರಲ್ಲಿ ಅರ್ಧ ನಿಜ. ಜಿಗಣಿಯ ಜನ ಮಾಡಿದ ಸಂಶೋಧನೆ ಇದೆ. ಅದು ವಿದೇಶದ ಪತ್ರಿಕೆಯಲ್ಲಿ, ಅದೂ ವೈದ್ಯಲೋಕ ಗೌರವಿಸುವ ಪತ್ರಿಕೆಯಲ್ಲಿ ಬಂದಿದೆ. ಆದರೆ ಕೊನೆಯ ವಾಕ್ಯ ಅಲ್ಲಿಂದ ಬಂದದ್ದಲ್ಲ. ಪೂರ್ತಿ ಸುಳ್ಳು ಸಂದೇಶಕ್ಕಿಂತ ಇಂಥ ಅರ್ಧ ನಿಜದ ಸಂದೇಶ ಹೆಚ್ಚು ಅಪಾಯಕಾರಿ. ಯಾರಾದರೂ ಅನುಮಾನಪಟ್ಟು ಗೂಗಲ್ ಮಾಡಿದರೂ ಸಂಶೋಧನೆ ಸಿಕ್ಕೇ ಸಿಗುತ್ತದೆ!

ಹಾಗಾಗಿ ಆ ಸಂಶೋಧನೆಯನ್ನೇ ಬಿಚ್ಚಿ ನೋಡೋಣ.

"ಹೊಸ ಸಂಶೋಧನೆ"ಗೆ 40 ವರ್ಷ

ಜಿಗಣಿ ಎಂದರೆ ಹಲವರಿಗೆ ಕೈಗಾರಿಕಾ ಪ್ರದೇಶ, ಗ್ರಾನೈಟ್ ಅಂಗಡಿಗಳು, ಬೊಮ್ಮಸಂದ್ರದ ಕಡೆಯಿಂದ ಬರುವ ಲಾರಿಗಳ ಸಾಲು. ಅದೇ ಜಿಗಣಿಯ ಹೊರಗೆ ಕಲ್ಲುಬಾಳು ಕಡೆಗೆ ಹೋದರೆ ಪ್ರಶಾಂತಿ ಕುಟೀರ ಸಿಗುತ್ತದೆ. ಇದು ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ, ಅಂದರೆ ಎಸ್-ವ್ಯಾಸದ ಕ್ಯಾಂಪಸ್. 2002ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಇದನ್ನು ಕಟ್ಟಿದ ಡಾ. ಎಚ್.ಆರ್. ನಾಗೇಂದ್ರ ಮೆಕ್ಯಾನಿಕಲ್ ಎಂಜಿನಿಯರ್. ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿ, ನಾಸಾದಲ್ಲಿ ಸಂಶೋಧನೆ ಮಾಡಿ ಬಂದವರು. 2016ರಲ್ಲಿ ಪದ್ಮಶ್ರೀ ಪಡೆದವರು. ಡಾ. ಆರ್. ನಾಗರತ್ನ ವೈದ್ಯೆ. (ಫಾರ್ವರ್ಡ್‌ಗಳಿಗೆ "ನಾಸಾ" ಎಂಬ ಪದ ಬಲು ಇಷ್ಟ. ಆದರೆ ರಾಕೆಟ್ ಗೊತ್ತಿದ್ದ ಮಾತ್ರಕ್ಕೆ ಶ್ವಾಸಕೋಶದ ಬಗ್ಗೆ ಹೇಳಿದ್ದೆಲ್ಲ ಸರಿ ಎಂದಾಗುವುದಿಲ್ಲ. ನೋಡಬೇಕಾದ್ದು ಪ್ರಯೋಗವನ್ನು.)

ಈ ಇಬ್ಬರೂ ಸೇರಿ ಬರೆದ ಪ್ರಬಂಧ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು 1985ರ ಅಕ್ಟೋಬರಿನಲ್ಲಿ. ಅಸ್ತಮಾ ಇದ್ದ 53 ಮಂದಿಗೆ ಎರಡು ವಾರ ಆಸನ, ನಿಧಾನ ಉಸಿರಾಟ, ಧ್ಯಾನ ಕಲಿಸಿ, ಮುಂದೆ ದಿನಕ್ಕೆ 65 ನಿಮಿಷ ಮಾಡಲು ಹೇಳಿದರು. ವಯಸ್ಸು, ಲಿಂಗ, ಕಾಯಿಲೆಯ ಬಗೆ ಮತ್ತು ತೀವ್ರತೆ ಇವೆಲ್ಲ ಹೊಂದುವ ಇನ್ನೂ 53 ಮಂದಿಯನ್ನು ಯೋಗವಿಲ್ಲದೆ ಎಂದಿನ ಔಷಧಿಯಲ್ಲೇ ಮುಂದುವರಿಸಿ ಎರಡೂ ಗುಂಪುಗಳನ್ನು ಹೋಲಿಸಿದರು. ಯೋಗದ ಗುಂಪಿನಲ್ಲಿ ವಾರಕ್ಕೆ ಬರುವ ಉಬ್ಬಸದ ದಾಳಿಗಳು ಕಡಿಮೆಯಾದವು, ಜೋರಾಗಿ ಊದಿದಾಗ ಹೊರಬರುವ ಗಾಳಿಯ ವೇಗ, ಅಂದರೆ ಪೀಕ್ ಫ್ಲೋ, ಹೆಚ್ಚಿತು, ಔಷಧಿಯ ಅಗತ್ಯವನ್ನು ಅಳೆಯುವ ಅಂಕ ಇಳಿಯಿತು.

ಆ ಕಾಲಕ್ಕೆ ಇದು ಸಣ್ಣ ಕೆಲಸವಲ್ಲ. ಯೋಗವನ್ನು ಹೊಗಳುವವರು ಬೇಕಾದಷ್ಟು ಜನ ಇದ್ದರು, ಅದಕ್ಕೆ ಹೋಲಿಕೆಯ ಗುಂಪು ಇಟ್ಟು ಅಳತೆ ಮಾಡಿದವರು ತೀರಾ ಕಡಿಮೆ.

ಈಗ ಕೊನೆಯ ಅಂಶವನ್ನು ಇನ್ನೊಮ್ಮೆ ಓದಿ. ಔಷಧಿಯ ಅಂಕ ಇಳಿಯಿತು. ಅಂದರೆ ಯೋಗ ಮಾಡುತ್ತಿದ್ದವರನ್ನೂ "ಔಷಧಿ ಎಷ್ಟು ಬೇಕಾಗುತ್ತಿದೆ" ಎಂದು ಲೆಕ್ಕ ಇಟ್ಟು ನೋಡುತ್ತಿದ್ದರು. ಔಷಧಿ ಬಿಡಿಸಿ ಯೋಗ ಕೊಟ್ಟ ಪ್ರಯೋಗ ಇದಲ್ಲ, ಔಷಧಿಯ ಜೊತೆಗೆ ಯೋಗ ಕೊಟ್ಟ ಪ್ರಯೋಗ. ಉಸಿರಾಟ ಸುಧಾರಿಸಿ ಔಷಧಿಯ ಅಗತ್ಯ ತಗ್ಗುವುದು ಒಂದು ಸಂಗತಿ. ಮೊದಲು ಔಷಧಿ ಬಿಟ್ಟು ಉಸಿರಾಟ ಸುಧಾರಿಸಲಿ ಎಂದು ಕಾಯುವುದು ಬೇರೆಯೇ ಸಂಗತಿ. ಫಾರ್ವರ್ಡ್ ಮಾಡುವವರು ಈ ಎರಡನ್ನೂ ಅದಲು ಬದಲು ಮಾಡಿಬಿಟ್ಟಿದ್ದಾರೆ.

ಪ್ರಾಣಾಯಾಮಕ್ಕೆ "ಡಮ್ಮಿ" ಮಾಡುವುದು ಹೇಗೆ?

1985ರ ಪ್ರಯೋಗಕ್ಕೆ ಒಂದು ಮಿತಿ ಇತ್ತು. ಮಾತ್ರೆಯಾದರೆ ನಿಜವಾದದ್ದರ ಹಾಗೇ ಕಾಣುವ ಸಕ್ಕರೆ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಸಿಕ್ಕಿದೆ ಎಂದು ಗೊತ್ತಾಗದಂತೆ ನೋಡಿಕೊಳ್ಳಬಹುದು. ಯೋಗ ಮಾಡುವವರಿಗೆ ತಾವು ಯೋಗ ಮಾಡುತ್ತಿದ್ದೇವೆ ಎಂದು ಗೊತ್ತೇ ಇರುತ್ತದೆ. "ಗುಣವಾಗುತ್ತಿದೆ" ಎಂಬ ನಂಬಿಕೆಯಿಂದಲೇ ಸ್ವಲ್ಪ ಹಗುರ ಅನ್ನಿಸಬಹುದು, ಗುರುಗಳ ಆರೈಕೆಯಿಂದಲೂ ಆಗಬಹುದು. ಇದರಲ್ಲಿ ಉಸಿರಾಟದ ಪಾಲೆಷ್ಟು?

ಇದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ತಂಡವೊಂದು ಚಂದದ ಉಪಾಯ ಮಾಡಿತು. "ಪಿಂಕ್ ಸಿಟಿ ಲಂಗ್ ಎಕ್ಸರ್‌ಸೈಸರ್" ಎಂಬ ಪುಟ್ಟ ಉಪಕರಣವನ್ನು ಬಳಸಿದರು. ಪಿಂಕ್ ಸಿಟಿ ಎಂದರೆ ನಮ್ಮ ಜೈಪುರ. ಇದರ ಮೂಲಕ ಉಸಿರಾಡಿದರೆ ಉಸಿರು ತಾನಾಗಿಯೇ ನಿಧಾನವಾಗುತ್ತದೆ, ಒಳಗೆಳೆದುಕೊಳ್ಳುವುದಕ್ಕಿಂತ ಎರಡರಷ್ಟು ಹೊತ್ತು ಹೊರಬಿಡಬೇಕಾಗುತ್ತದೆ. ಪ್ರಾಣಾಯಾಮದ ಲೆಕ್ಕವೂ ಇದೇ. ಜೊತೆಗೆ ಅದೇ ರೀತಿ ಕಾಣುವ, ಆದರೆ ಉಸಿರನ್ನು ನಿಧಾನ ಮಾಡದ ಡಮ್ಮಿ ಉಪಕರಣವನ್ನೂ ಇಟ್ಟರು.

1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಆಶಾದಾಯಕವಾಗಿತ್ತು. ಸೌಮ್ಯ ಅಸ್ತಮಾದ 18 ಮಂದಿಯಲ್ಲಿ, ನಿಧಾನ ಉಸಿರಾಟದ ನಂತರ ಶ್ವಾಸನಾಳಗಳು ಸಣ್ಣಪುಟ್ಟ ಪ್ರಚೋದನೆಗೆ ಕೆರಳುವುದು ತಗ್ಗಿತ್ತು. ಉಳಿದ ಅಳತೆಗಳಲ್ಲಿ ಸುಧಾರಣೆ ಕಂಡರೂ ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು.

ಕಥೆ ಇಲ್ಲಿಗೇ ನಿಂತಿದ್ದರೆ ಫಾರ್ವರ್ಡ್‌ಗೆ ಒಳ್ಳೆಯ ಸರಕು ಸಿಗುತ್ತಿತ್ತು. ಆದರೆ ನಾಟಿಂಗ್‌ಹ್ಯಾಮ್‌ನಲ್ಲೇ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 90 ಮಂದಿ, ಆರು ತಿಂಗಳು, ಮೂರು ಗುಂಪು: ಒಂದಕ್ಕೆ ಪ್ರಾಣಾಯಾಮದ ಉಪಕರಣ, ಇನ್ನೊಂದಕ್ಕೆ ಡಮ್ಮಿ, ಮತ್ತೊಂದಕ್ಕೆ ಬುಟೇಕೊ ಎಂಬ ರಷ್ಯಾ ಮೂಲದ ಉಸಿರಾಟದ ಅಭ್ಯಾಸ. 2003ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಪ್ರಾಣಾಯಾಮದ ಉಪಕರಣಕ್ಕೂ ಡಮ್ಮಿಗೂ ವ್ಯತ್ಯಾಸ ಕಾಣಲಿಲ್ಲ. 1990ರ ಪ್ರಬಂಧದ ಸಂಶೋಧಕಿಯೊಬ್ಬರು ಇದರಲ್ಲೂ ಇದ್ದರು ಎಂಬುದನ್ನು ಗಮನಿಸಿ. ತಾವೇ ಹಿಂದೆ ಕಂಡದ್ದು ದೊಡ್ಡ ಪರೀಕ್ಷೆಯಲ್ಲಿ ಮತ್ತೆ ಕಾಣಲಿಲ್ಲ ಎಂದು ಅಚ್ಚು ಹಾಕಿಸಿದ್ದಾರೆ. ನಮಗಂತೂ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಬುಟೇಕೊ ಗುಂಪಿನವರಿಗೆ ಕಷ್ಟ ಕಡಿಮೆ ಅನ್ನಿಸಿತು, ನೀಲಿ ಪಂಪಿನ ಬಳಕೆ ದಿನಕ್ಕೆ ಸುಮಾರು ಎರಡು ಪಫ್‌ನಷ್ಟು ಇಳಿಯಿತು. ಆದರೆ ಶ್ವಾಸಕೋಶದ ಸಾಮರ್ಥ್ಯ ಬದಲಾಗಲಿಲ್ಲ. ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಇನ್ನೊಂದಿದೆ: ಸ್ಟೀರಾಯ್ಡ್ ಇನ್‌ಹೇಲರ್‌ನ ಪ್ರಮಾಣವನ್ನು ಎಷ್ಟು ಇಳಿಸಬಹುದು ಎಂದೂ ಅವರು ಪರೀಕ್ಷಿಸಿದರು. ಮೂರೂ ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಯೋಗದಿಂದ ಪ್ರಯೋಜನ ಇಲ್ಲವೇ? ಹಾಗೂ ಹೇಳಲಾಗದು. ಉಪಕರಣ ಬರೀ ಉಸಿರಿನ ವೇಗವನ್ನು ಬದಲಿಸುತ್ತದೆ. ಯೋಗದಲ್ಲಿ ಆಸನ, ವಿಶ್ರಾಂತಿ, ಧ್ಯಾನ ಎಲ್ಲ ಇವೆ. 2016ರಲ್ಲಿ ಕಾಕ್ರೇನ್ ಸಂಸ್ಥೆ ಅಸ್ತಮಾ ಮತ್ತು ಯೋಗದ 15 ಪ್ರಯೋಗಗಳನ್ನು, ಒಟ್ಟು 1,048 ಮಂದಿಯ ಮಾಹಿತಿಯನ್ನು, ಒಟ್ಟುಗೂಡಿಸಿ ಪರಿಶೀಲಿಸಿತು. ಹೆಚ್ಚಿನವು ಭಾರತದ್ದೇ ಪ್ರಯೋಗಗಳು. ಯೋಗದಿಂದ ಅಸ್ತಮಾ ರೋಗಿಗಳ ಜೀವನದ ಗುಣಮಟ್ಟದಲ್ಲಿ ಮತ್ತು ಲಕ್ಷಣಗಳಲ್ಲಿ ಸಣ್ಣ ಮಟ್ಟದ ಸುಧಾರಣೆ ಬಹುಶಃ ಆಗುತ್ತದೆ ಎಂಬುದು ಅದರ ತೀರ್ಮಾನ. "ಸಣ್ಣ", "ಬಹುಶಃ" ಈ ಎರಡು ಪದಗಳೇ ಫಾರ್ವರ್ಡ್ ಆಗುವಾಗ ಮೊದಲು ಉದುರಿಹೋಗುವುದು.

ಬೇರೆ ಕಾಯಿಲೆಗಳ ಕಥೆಯೂ ಹೆಚ್ಚು ಕಡಿಮೆ ಹೀಗೇ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಎಸ್-ವ್ಯಾಸದವರ ಜೊತೆ ಸೇರಿ, ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ತೆಗೆದುಕೊಳ್ಳುತ್ತಿದ್ದ 191 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರ ದೈನಂದಿನ ಓಡಾಟ, ಆರೋಗ್ಯದ ಅನುಭವ ಉತ್ತಮವಾಗಿತ್ತು. ಅವರು ರೇಡಿಯೇಷನ್ ಬಿಟ್ಟಿರಲಿಲ್ಲ. ಹೃದಯಾಘಾತವಾದ 3,959 ಮಂದಿಯನ್ನು ಭಾರತದ 24 ಆಸ್ಪತ್ರೆಗಳಲ್ಲಿ ಸೇರಿಸಿಕೊಂಡ ಯೋಗ-ಕೇರ್ ಪ್ರಯೋಗ 2020ರಲ್ಲಿ ಬಂತು. ಯೋಗದ ಗುಂಪಿನವರು ಮೊದಲಿನ ಕೆಲಸಗಳಿಗೆ ಮರಳುವುದು ಉತ್ತಮವಾಗಿತ್ತು. ಆದರೆ ಸಾವು, ಮತ್ತೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಖಚಿತವಾಗಿ ಕಡಿಮೆಯಾದವು ಎಂದು ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ.

ಪಂಪ್ "ಅಭ್ಯಾಸ" ಆಗುತ್ತದೆಯೇ?

ಜನ ಇನ್‌ಹೇಲರ್ ಬಿಡಲು ಯೋಗ ನೆಪ ಮಾತ್ರ ಎಂದು ನಮಗನ್ನಿಸುತ್ತದೆ. ಅಸಲಿ ಕಾರಣ ಪಂಪಿನ ಭಯ. ಹೆಣ್ಣುಮಕ್ಕಳಾದರೆ ಮದುವೆ ಮಾತುಕತೆಯಲ್ಲಿ ಗೊತ್ತಾಗಬಾರದು ಎಂಬ ಸಂಕೋಚ ಬೇರೆ.

ಅಸ್ತಮಾದಲ್ಲಿ ಎರಡು ತೊಂದರೆ ಇರುತ್ತವೆ. ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರದಲ್ಲಿ ಉರಿಯೂತದಿಂದ ಊತ ಇರುತ್ತದೆ. ಸಾಲ್ಬುಟಮಾಲ್ ಇರುವ ನೀಲಿ ಪಂಪ್ ಬಿಗಿತವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಸ್ಟೀರಾಯ್ಡ್ ಇರುವ ಪಂಪ್. ಅದನ್ನು ತೆಗೆದುಕೊಂಡ ತಕ್ಷಣ ಏನೂ ಅನ್ನಿಸುವುದಿಲ್ಲ, ಹಾಗಾಗಿ ಜನ ಮೊದಲು ಬಿಡುವುದೂ ಅದನ್ನೇ. ಬಿಟ್ಟ ಮರುದಿನವೂ ಏನೂ ಆಗುವುದಿಲ್ಲ. ಊತ ಮೆಲ್ಲಗೆ ಮರಳುತ್ತದೆ, ಒಂದು ರಾತ್ರಿ ಧೂಳೋ ನೆಗಡಿಯೋ ಸೇರಿಕೊಂಡರೆ ದಾಳಿ ಜೋರಾಗುತ್ತದೆ. ಬರೀ ನೀಲಿ ಪಂಪನ್ನೇ ನಂಬಿಕೊಂಡಿರುವುದೂ ಸರಿಯಲ್ಲ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ ಗಿನಾ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಹಾಗೆ ಮಾಡಬೇಡಿ ಎನ್ನುತ್ತಿದೆ.

"ಪಂಪಿಗಿಂತ ಮಾತ್ರೆ ವಾಸಿ" ಎನ್ನುವವರು ಒಂದು ಲೆಕ್ಕ ನೋಡಬೇಕು. ಸಾಲ್ಬುಟಮಾಲ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧಿ ಇರುತ್ತದೆ. 4 ಮಿಲಿಗ್ರಾಂ ಮಾತ್ರೆ ಎಂದರೆ 40 ಪಫ್‌ಗಳಷ್ಟು. ಪಂಪಿನದು ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಮಾತ್ರೆಯದು ಹೊಟ್ಟೆ, ರಕ್ತ ಎಲ್ಲ ಸುತ್ತಿ ಬರುತ್ತದೆ. ಕೈ ನಡುಗುವುದು, ಎದೆ ಬಡಿದುಕೊಳ್ಳುವುದು ಅದಕ್ಕೇ. ಇನ್ನು "ಅಭ್ಯಾಸ"ದ ಮಾತು: ಕನ್ನಡಕವನ್ನು ದಿನಾ ಹಾಕಿಕೊಳ್ಳುವುದಕ್ಕೆ ಯಾರೂ ಚಟ ಎನ್ನುವುದಿಲ್ಲ.

ಭಾರತದಲ್ಲಿ ಈ ಭಯದ ಬೆಲೆ ದೊಡ್ಡದು. 2019ರ ಜಾಗತಿಕ ರೋಗಹೊರೆ ಅಂದಾಜಿನ ಪ್ರಕಾರ ಪ್ರಪಂಚದ ಅಸ್ತಮಾ ರೋಗಿಗಳಲ್ಲಿ ಸುಮಾರು 13 ಶೇಕಡಾ ಮಾತ್ರ ಭಾರತದವರು, ಆದರೆ ಅಸ್ತಮಾದಿಂದ ಸಾಯುವವರಲ್ಲಿ 40 ಶೇಕಡಾಕ್ಕಿಂತ ಹೆಚ್ಚು ನಮ್ಮವರು. ಕಾಯಿಲೆಯನ್ನು ಗುರುತಿಸದಿರುವುದು, ಊತ ಇಳಿಸುವ ಪಂಪನ್ನು ಬಳಸದಿರುವುದು ಅಥವಾ ಮಧ್ಯದಲ್ಲೇ ಬಿಡುವುದು ಇದಕ್ಕೆ ಮುಖ್ಯ ಕಾರಣಗಳೆಂದು ವೈದ್ಯರು ಹೇಳುತ್ತಾರೆ.

ಅಂದಹಾಗೆ ಬೆಂಗಳೂರಿನ ಮಕ್ಕಳ ಬಗ್ಗೆಯೂ ಒಂದು ಅಂಕಿ ಸುತ್ತುತ್ತಿರುತ್ತದೆ. ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಅಸ್ತಮಾ ಇದ್ದ ಮಕ್ಕಳ ಪ್ರಮಾಣ 1979ರಲ್ಲಿ 9 ಶೇಕಡಾ ಇದ್ದದ್ದು 1999ಕ್ಕೆ 29.5 ಆಗಿತ್ತು. ಗಾಬರಿಯಾಗುವ ಏರಿಕೆಯೇ. ಆದರೆ ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ. "ಬೆಂಗಳೂರಿನ ಪ್ರತಿ ಮೂರನೇ ಮಗುವಿಗೆ ಅಸ್ತಮಾ" ಎಂದು ಅದನ್ನು ಓದಬಾರದು.

ಜಿಗಣಿಯಲ್ಲೇ ಇರುವ ಇನ್ನೊಂದು ಉಸಿರಿನ ತೊಂದರೆ

ಪ್ರಾಣಾಯಾಮದ ಫಾರ್ವರ್ಡ್ ಕೈಗಾರಿಕಾ ಪ್ರದೇಶದ ಕಾರ್ಮಿಕರ ಫೋನಿಗೂ ಬರುತ್ತದೆ. ಗ್ರಾನೈಟ್ ಕೊಯ್ಯುವಾಗ, ಪಾಲಿಶ್ ಮಾಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಗಾಯದ ಕಲೆ ಮಾಡುತ್ತವೆ. ಸಿಲಿಕೋಸಿಸ್ ಎಂದರೆ ಇದೇ. ಕಾನೂನು ಇದನ್ನು ಔದ್ಯೋಗಿಕ ಕಾಯಿಲೆ ಎಂದು ಗುರುತಿಸಿದೆ. ಒಮ್ಮೆ ಆದ ಕಲೆ ಮತ್ತೆ ಮಾಯುವುದಿಲ್ಲ, ಕ್ಷಯ ತಗಲುವ ಅಪಾಯವೂ ಹೆಚ್ಚುತ್ತದೆ.

ಹತ್ತು ವರ್ಷ ಕಲ್ಲು ಕೊಯ್ದವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಂದಾಗ, "ಉಬ್ಬಸ ಅಷ್ಟೇ, ಪ್ರಾಣಾಯಾಮ ಮಾಡಿ" ಎಂದರೆ ತಿಂಗಳುಗಳು ಕಳೆದುಹೋಗುತ್ತವೆ. ಈ ಮಧ್ಯೆ ಅವರು ಅದೇ ಧೂಳಿನಲ್ಲಿ ಕೆಲಸ ಮುಂದುವರಿಸಿರುತ್ತಾರೆ. ಇಂಥವರು ವೈದ್ಯರ ಹತ್ತಿರ ಹೋದಾಗ ತಾವು ಏನು ಕೆಲಸ, ಎಷ್ಟು ವರ್ಷದಿಂದ ಮಾಡುತ್ತಿದ್ದೇವೆ ಎಂದು ತಾವಾಗಿಯೇ ಹೇಳಬೇಕು. ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ, ಕಫದ ಪರೀಕ್ಷೆ ಇವುಗಳಿಂದ ಅಸ್ತಮಾವೋ, ಸಿಲಿಕೋಸಿಸ್ಸೋ, ಕ್ಷಯವೋ ಎಂದು ತಿಳಿಯಲು ದಾರಿ ಸಿಗುತ್ತದೆ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇಂಥ ಕಾಯಿಲೆಗಳಿಗೇ ಇರುವ ಸರ್ಕಾರಿ ಆಸ್ಪತ್ರೆ.

ಹಾಗಾದರೆ ಏನು ಮಾಡಬೇಕು?

ಯೋಗ ಇಷ್ಟವಿದ್ದರೆ ಖಂಡಿತ ಮಾಡಿ, ಪಂಪಿನ ಜೊತೆಗೆ. ವೇಗವಾಗಿ ಉಸಿರು ಹೊಡೆಯುವ ಕಪಾಲಭಾತಿ, ಭಸ್ತ್ರಿಕಾಗಳಿಂದ ಕೆಲವರಿಗೆ ಉಬ್ಬಸ ಕೆರಳಬಹುದು, ಹಾಗಾಗಿ ಶಿಕ್ಷಕರಿಗೆ ಅಸ್ತಮಾ ಇರುವುದನ್ನು ಮೊದಲೇ ಹೇಳಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಪೀಕ್ ಫ್ಲೋ ಮೀಟರ್ ತಂದು ಬೆಳಿಗ್ಗೆ, ಸಂಜೆ ಊದಿ ಬರೆದಿಟ್ಟುಕೊಳ್ಳಿ. 1985ರ ಪ್ರಯೋಗದಲ್ಲೂ ಅಳೆದದ್ದು ಇದನ್ನೇ. ಕೆಲವು ತಿಂಗಳ ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಿದರೆ, ಔಷಧಿ ಇಳಿಸಬಹುದೇ ಎಂದು ಅವರು ಅಂಕಿ ನೋಡಿ ಹೇಳುತ್ತಾರೆ.

ದಾಳಿ ಶುರುವಾದಾಗ ಮಾತ್ರ ಪ್ರಾಣಾಯಾಮದ ಪ್ರಯೋಗ ಬೇಡ. ನೇರವಾಗಿ ಕೂತು, ವೈದ್ಯರು ಹೇಳಿಕೊಟ್ಟಂತೆ ಪಂಪ್ ತೆಗೆದುಕೊಳ್ಳಬೇಕು, ಸ್ಪೇಸರ್ ಇದ್ದರೆ ಅದರ ಮೂಲಕ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪ್ ತೆಗೆದುಕೊಂಡರೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ.

ಗ್ರೂಪಿನಲ್ಲಿ ಆ ಸಂದೇಶ ಮತ್ತೆ ಬಂದಾಗ ಜಗಳಕ್ಕೆ ಇಳಿಯಬೇಕಾಗಿಲ್ಲ. ಕಳಿಸಿದವರು ದೊಡ್ಡಪ್ಪನೋ ಅತ್ತೆಯೋ ಆಗಿರುತ್ತಾರೆ, ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಇಷ್ಟು ಬರೆದರೆ ಸಾಕು: "ಜಿಗಣಿಯವರ ಸಂಶೋಧನೆ ನಿಜ, 1985ರದ್ದು. ಆದರೆ ಅದು ಔಷಧಿಯ ಜೊತೆಗೆ ಯೋಗ ಕೊಟ್ಟು ನೋಡಿದ ಪ್ರಯೋಗ. ಡಾಕ್ಟರನ್ನು ಕೇಳದೆ ಪಂಪ್ ಬಿಡಬೇಡಿ."