ವಿಡಂಬನ ಚಿತ್ರಕಾರ ಆರ್ಥರ್ ಶಿಕ್

ರಾಜಕೀಯ ವಿಡಂಬನ ಚಿತ್ರವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನಾಲ್ಕಾರು ಗೆರೆಗಳಲ್ಲಿ ಆಳನ್ನು ಹಿಡಿದುಬಿಡುವ ಕೈಚಳಕ. ಗೆರೆ ಕಡಮೆಯಾದಷ್ಟೂ ಮೊನೆ ಹರಿತವೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದವರು. ಆರ್ಥರ್ ಶಿಕ್‌ನ ಚಿತ್ರಗಳು ಈ ಮಾತಿಗೆ ಒಗ್ಗುವುದಿಲ್ಲ. ಸೇನಾನಿಯ ಕೋಟಿನ ಗುಂಡಿ, ಪದಕ, ಬೂಟಿನ ಮಡಿಕೆ ಎಲ್ಲವನ್ನೂ ಆತನು ಹಳೆಯ ಹಸ್ತಪ್ರತಿಯ ಅಂಚನ್ನು ಅಲಂಕರಿಸುವವನಂತೆ ತಾಳ್ಮೆಯಿಂದ ತುಂಬುತ್ತಾನೆ.

ಅದಕ್ಕೆ ಕಾರಣವುಂಟು. ಆಗ ರಷ್ಯದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಲೋಡ್ಜ್ ನಗರದಲ್ಲಿ, 1894ರಲ್ಲಿ, ಯೆಹೂದಿ ಮನೆತನದಲ್ಲಿ ಹುಟ್ಟಿದ ಶಿಕ್ ಪ್ಯಾರಿಸ್ಸಿನಲ್ಲಿ ಚಿತ್ರಕಲೆ ಕಲಿತನು. ಯೌವನದಲ್ಲಿ ಪತ್ರಿಕೆಗಳಿಗೆ ಹಾಸ್ಯಚಿತ್ರ ಬರೆದದ್ದುಂಟಾದರೂ ಹೆಸರು ತಂದುದು ಸೂಕ್ಷ್ಮಚಿತ್ರಗಳೇ. ಯೆಹೂದ್ಯರಿಗೆ ಹಕ್ಕುಗಳನ್ನಿತ್ತ 1264ರ ಕಾಲಿಶ್ ಶಾಸನವನ್ನು 1926-28ರಲ್ಲಿ ಪುಟಪುಟವೂ ಚಿತ್ರಾಲಂಕೃತವಾಗುವಂತೆ ಬರೆದನು. ಮುಂದೆ 1934-36ರಲ್ಲಿ, ಯೆಹೂದ್ಯರು ಪಾಸ್ಕ ಹಬ್ಬದ ರಾತ್ರಿ ಓದುವ ಹಗ್ಗಾಡಾ ಗ್ರಂಥಕ್ಕೆ ಚಿತ್ರ ಬರೆಯುವಾಗ, ಅದರಲ್ಲಿ ಬರುವ ದುಷ್ಟ ಮಗನಿಗೆ ಜರ್ಮನ್ ಉಡುಪನ್ನು ತೊಡಿಸಿದನು. ಧರ್ಮಗ್ರಂಥದ ಹಾಳೆಯಲ್ಲಿಯೇ ವಿಡಂಬನಕಾರನು ಹೀಗೆ ಮತ್ತೆ ತಲೆದೋರಿದನು.

1937ರಲ್ಲಿ ಲಂಡನ್, 1940ರಲ್ಲಿ ಕೆನಡ, ಅದೇ ವರ್ಷದ ಕೊನೆಗೆ ನ್ಯೂಯಾರ್ಕ್. 1941ರಲ್ಲಿ ಆತನ 'ದಿ ನ್ಯೂ ಆರ್ಡರ್' ಎಂಬ ಚಿತ್ರಸಂಪುಟ ಹೊರಬಂದಿತು. 'ಕೊಲಿಯರ್ಸ್' ಪತ್ರಿಕೆಯ ಮುಖಪುಟಗಳಲ್ಲಿ ಹಿಟ್ಲರ್, ಗೋರಿಂಗ್, ಗೊಬೆಲ್ಸರು ಮೈತುಂಬ ಬಣ್ಣದೊಡನೆ ನಗೆಪಾಟಲಾದರು. ತಾನು ರೂಸ್‌ವೆಲ್ಟರ ಕಲಾಸೈನಿಕನೆಂದು ಆತನು ಹೇಳಿಕೊಳ್ಳುತ್ತಿದ್ದನು. ಇತ್ತ ಲೋಡ್ಜ್‌ನಲ್ಲಿ ಉಳಿದಿದ್ದ ತಾಯಿಯನ್ನು ನಾತ್ಸಿಗಳು ಅಲ್ಲಿನ ಯೆಹೂದಿ ಕೇರಿಯಿಂದ ಸಾಗಿಸಿ ಕೊಂದರು. ಇದನ್ನರಿತು ನೋಡಿದರೆ ಆ ಚಿತ್ರಗಳ ನಗೆ ನಮ್ಮ ಗಂಟಲಲ್ಲಿಯೇ ನಿಲ್ಲುತ್ತದೆ.

ಆದರೂ ಒಂದು ದೋಷವನ್ನು ಮುಚ್ಚಿಡಲಾರೆವು. ಜಪಾನಿನ ಸೇನಾನಿಗಳನ್ನು ಬರೆಯುವಾಗ ಆತನ ಕುಂಚ ವ್ಯಕ್ತಿಯನ್ನು ಬಿಟ್ಟು ಜನಾಂಗದ ಮೋರೆಯನ್ನೇ ಹಂಗಿಸಿತು. ತನ್ನವರು ಇಂಥದೇ ಹಂಗಿಗೆ ಗುರಿಯಾಗಿದ್ದುದನ್ನು ಕಂಡವನು ಹೀಗೆ ಮಾಡಬಾರದಿತ್ತು. ಅದೇ ಕೈ 1944ರಲ್ಲಿ ಬೇರೊಂದು ಚಿತ್ರವನ್ನು ಬರೆಯಿತು. ಹಿಟ್ಲರನಿಗೆ ಏನು ಶಿಕ್ಷೆ ಕೊಡುವೆಯೆಂದು ಬಿಳಿಯ ಸೈನಿಕನು ಕೇಳುತ್ತಾನೆ. ಅವನನ್ನು ಕರಿಯನನ್ನಾಗಿ ಮಾಡಿ ಅಮೆರಿಕದಲ್ಲಿ ಎಲ್ಲಿಯಾದರೂ ಬಿಟ್ಟುಬಿಡುವೆನೆಂದು ಕರಿಯ ಸೈನಿಕನು ಉತ್ತರಿಸುತ್ತಾನೆ. ಆಶ್ರಯವಿತ್ತ ನಾಡಿಗೇ, ಅದೂ ಯುದ್ಧಕಾಲದಲ್ಲಿ, ಈ ಮಾತನ್ನು ಆಡಿ ತೋರಿಸಿದವನು ಇನ್ನೂ ಅಲ್ಲಿಯ ಪ್ರಜೆಯೂ ಆಗಿರಲಿಲ್ಲ.

ಪ್ರಜೆಯಾದುದು 1948ರಲ್ಲಿ. 1950ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ತನ್ನ ಹಳೆಯ ಸೂಕ್ಷ್ಮಶೈಲಿಯಲ್ಲಿ ಅಲಂಕರಿಸಿದನು. ಮರುವರ್ಷವೇ ಅಲ್ಲಿನ ಸಂಸತ್ತಿನ ಸಮಿತಿಯೊಂದು ಕಮ್ಯೂನಿಸ್ಟರೊಡನೆ ನಂಟಿದೆಯೆಂದು ಆತನನ್ನು ಶಂಕಿಸಿತು. 1951ರ ಸೆಪ್ಟೆಂಬರಿನಲ್ಲಿ, ಕನೆಕ್ಟಿಕಟ್ ಪ್ರಾಂತದ ತನ್ನ ಮನೆಯಿದ್ದ ನ್ಯೂ ಕೇನನ್‌ನಲ್ಲಿ, ಶಿಕ್ ಹೃದಯಾಘಾತದಿಂದ ತೀರಿಕೊಂಡನು.