ಉಳಿದ ಹೊತ್ತು ಯಾರ ಪಾಲಿಗೆ?

ಕಳೆದ ದೀಪಾವಳಿಗೆ ನಮ್ಮ ತಾಯಿಯವರು ಧಾರವಾಡದ ಹತ್ತಿರದ ಹಳ್ಳಿಯಿಂದ ಪುಣೆಗೆ ಬಂದು ಹದಿನೈದು ದಿನ ನಮ್ಮಲ್ಲಿದ್ದರು. ಹಳ್ಳಿಯಲ್ಲಿ ಬಾಳಿದವರಿಗೆ ಪಟ್ಟಣದ ಫ್ಲ್ಯಾಟಿನಲ್ಲಿ ಹೊತ್ತು ಹೋಗುವುದು ಕಷ್ಟ. ಅವರು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು ಸೊಸೆಯ ಕೆಲಸವನ್ನು ನೋಡುತ್ತಿದ್ದರು. ಗ್ಯಾಸಿನ ಒಲೆ, ಕುಕ್ಕರು, ಮಿಕ್ಸರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಇವೆಲ್ಲ ಅವರಿಗೆ ಹೊಸತೇನಲ್ಲ. ಊರಿನ ಮನೆಗೂ ಒಂದೆರಡು ಬಂದಿವೆ. ಆದರೂ ಮೂರನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟರು:

"ಅಲ್ಲವಾ, ಬೀಸೂದಿಲ್ಲ, ಕುಟ್ಟೂದಿಲ್ಲ, ನೀರ ಹೊರೂದಿಲ್ಲ. ಎಲ್ಲಾ ಮಷೀನೇ ಮಾಡತಾವ. ಹಂಗಿದ್ರೂ ನಿನಗ ಒಂದ ಗಳಿಗಿ ಕೂಡಾಕ ಯಾಕ ಪುರುಸೊತ್ತಿಲ್ಲ?"

ಸೊಸೆ ನಕ್ಕು, "ಅದನ್ನ ನಿಮ್ಮ ಮಗನ್ನ ಕೇಳ್ರಿ ಅತ್ತಿಯವ್ರ," ಎಂದಳು. ನಾವು ಕೈಯಲ್ಲಿದ್ದ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆವು. ಉತ್ತರ ನಮ್ಮಲ್ಲಿರಲಿಲ್ಲ.

ಆಮೇಲೆ ವಿಚಾರ ಮಾಡಿದಾಗ, ಈ ಪ್ರಶ್ನೆ ನಮ್ಮ ಮನೆಯೊಂದರದೇ ಅಲ್ಲವೆಂದು ತಿಳಿದುಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಮನೆಯ ತುಂಬ ಯಂತ್ರಗಳನ್ನು ತಂದುಕೊಂಡ ಅಮೇರಿಕೆಯಲ್ಲಿ ಅಲ್ಲಿಯ ಹೆಂಗಸರು ಇದೇ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲು ಕೇಳಿಕೊಂಡಿದ್ದರು. ಅವರ ಕತೆಯನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮದೂ ಅರ್ಥವಾಗುತ್ತದೆ.

ಯುದ್ಧಕಾಲದಲ್ಲಿ ಗಂಡಸರು ದಂಡಿಗೆ ಹೋದಾಗ ಅಮೇರಿಕೆಯ ಕಾರಖಾನೆ, ಕಚೇರಿಗಳಿಗೆ ಸುಮಾರು ೬೦ ಲಕ್ಷ ಹೆಂಗಸರು ಹೊಸದಾಗಿ ಸೇರಿದರು. ೧೯೪೫ರಲ್ಲಿ ಯುದ್ಧ ಮುಗಿಯಿತು. ಸೈನಿಕರು ಮರಳಿದರು, ಅನೇಕ ಹೆಂಗಸರನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಲಾಯಿತು. ೧೯೪೬ರಿಂದ ೧೯೬೪ರವರೆಗೆ ಆ ದೇಶದಲ್ಲಿ ಸುಮಾರು ೭ ಕೋಟಿ ೬೦ ಲಕ್ಷ ಮಕ್ಕಳು ಹುಟ್ಟಿದರು. ಇಷ್ಟು ಸಂಸಾರಗಳಿಗೆ ಮನೆಗಳು ಬೇಡವೇ? ನ್ಯೂಯಾರ್ಕಿನ ಹೊರಗೆ, ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ, ೧೯೪೭ರಿಂದ ನಾಲ್ಕೇ ವರ್ಷಗಳಲ್ಲಿ ೧೭ ಸಾವಿರಕ್ಕೂ ಹೆಚ್ಚು ಮನೆಗಳು ಒಂದೇ ಅಚ್ಚಿನಲ್ಲಿ ಎದ್ದವು. ಲೆವಿಟ್‌ಟೌನ್ ಎಂದು ಅದರ ಹೆಸರು. ಮನೆ ಕೊಳ್ಳುವಾಗಲೇ ಒಲೆ, ಫ್ರಿಜ್ಜುಗಳು ಅದರೊಳಗೆ ಸಿದ್ಧವಾಗಿರುತ್ತಿದ್ದವು. ಆದರೆ ಕರಿಯರಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ಸಮೃದ್ಧಿ ಎಲ್ಲರ ಪಾಲಿನದಾಗಿರಲಿಲ್ಲ.

೧೯೫೯ರ ಜುಲೈಯಲ್ಲಿ ಮಾಸ್ಕೋದಲ್ಲಿ ಅಮೇರಿಕೆಯವರು ಒಂದು ಪ್ರದರ್ಶನ ಏರ್ಪಡಿಸಿದರು. ಅದರಲ್ಲಿಟ್ಟ ಮಾದರಿ ಅಡಿಗೆಮನೆಯ ಮುಂದೆ ನಿಂತು ಅಮೇರಿಕೆಯ ಉಪಾಧ್ಯಕ್ಷ ನಿಕ್ಸನ್ನರೂ ರಷ್ಯದ ಕ್ರುಶ್ಚೇವರೂ ವಾದಕ್ಕಿಳಿದರು. ಗೃಹಿಣಿಯ ಶ್ರಮವನ್ನು ಹಗುರಗೊಳಿಸುವ ಯಂತ್ರಗಳಿವು ಎಂದು ನಿಕ್ಸನ್ನರು ಅಭಿಮಾನದಿಂದ ತೋರಿಸಿದರು. ವಾದಿಸಿದವರಿಬ್ಬರೂ ಗಂಡಸರು. ಇಬ್ಬರಲ್ಲಿ ಯಾರು ಎಷ್ಟು ಸಲ ಪಾತ್ರೆ ತೊಳೆದಿದ್ದರೋ ನಾವರಿಯೆವು!

ಶ್ರಮವೇನೋ ಹಗುರಾಯಿತು. ಹೊತ್ತು ಉಳಿಯಿತೇ? ಜೋಆನ್ ವಾನೆಕ್ ಎಂಬ ವಿದುಷಿ ಹಳೆಯ ದಿನಚರಿ ಲೆಕ್ಕಗಳನ್ನು ಕೂಡಿಸಿ ೧೯೭೪ರಲ್ಲಿ ಪ್ರಕಟಿಸಿದ ಅಂಕಿಗಳು ಎಲ್ಲರನ್ನೂ ಬೆರಗುಗೊಳಿಸಿದವು. ನೌಕರಿಗೆ ಹೋಗದೆ ಮನೆಯಲ್ಲಿದ್ದ ಅಮೇರಿಕೆಯ ಗೃಹಿಣಿ ೧೯೨೦ರ ದಶಕದಲ್ಲಿ ವಾರಕ್ಕೆ ಸುಮಾರು ೫೨ ಗಂಟೆ ಮನೆಗೆಲಸ ಮಾಡುತ್ತಿದ್ದಳು. ಇಷ್ಟೆಲ್ಲ ಯಂತ್ರಗಳು ಬಂದ ೧೯೬೦ರ ದಶಕದಲ್ಲಿ ಸುಮಾರು ೫೫ ಗಂಟೆ. ಮೂರು ಗಂಟೆ ಹೆಚ್ಚೇ ಆಗಿತ್ತು.

ಇದರ ಕಾರಣವನ್ನು ರೂತ್ ಶ್ವಾರ್ಟ್ಜ್ ಕೋವನ್ ಎಂಬ ಇತಿಹಾಸಕಾರರು ೧೯೮೩ರಲ್ಲಿ ಒಂದು ಗ್ರಂಥದಲ್ಲಿ ಬಿಡಿಸಿ ಹೇಳಿದರು. ಯಂತ್ರ ಬಂದಂತೆ ಕೆಲಸದ ಅಳತೆಯೂ ಬೆಳೆಯಿತು. ವಾರಕ್ಕೊಮ್ಮೆ ಒಗೆಯುತ್ತಿದ್ದ ಬಟ್ಟೆಯನ್ನು ಮೇಲಿಂದ ಮೇಲೆ ಒಗೆಯುವುದಾಯಿತು. ಹಿಂದೆ ಲಾಂಡ್ರಿಗೋ ಅಗಸಗಿತ್ತಿಗೋ ಹೋಗುತ್ತಿದ್ದ ಬಟ್ಟೆ ಮನೆಗೇ ಮರಳಿತು. ಸೌದೆ ಸೀಳುವುದು, ನೀರು ತರುವುದು ಮುಂತಾಗಿ ಗಂಡಸರೂ ಮಕ್ಕಳೂ ಮಾಡುತ್ತಿದ್ದ ಕೆಲಸಗಳು ಇಲ್ಲವಾಗಿ ಅವರ ಕೈಗಳು ಬಿಡುವಾದವು. ಉಳಿದದ್ದೆಲ್ಲ ಒಬ್ಬಳ ಕೈಗೇ ಬಂದಿತು. ಅಕ್ಕಪಕ್ಕದ ಮನೆಗಳಲ್ಲಿ ಅಷ್ಟೇ ಯಂತ್ರಗಳೊಡನೆ ಅಷ್ಟೇ ಒಂಟಿಯಾಗಿ ಇನ್ನೊಬ್ಬೊಬ್ಬಳು. ಆ ಬೇಸರವನ್ನು ಬೆಟ್ಟಿ ಫ್ರೀಡನ್ ಎಂಬವರು, ೧೯೫೭ರಲ್ಲಿ ತಮ್ಮ ಕಾಲೇಜಿನ ಹಳೆಯ ಗೆಳತಿಯರಿಗೆ ಪ್ರಶ್ನೆಗಳನ್ನು ಕಳುಹಿಸಿ ಅವರ ಉತ್ತರಗಳಿಂದ ತಿಳಿದು, ೧೯೬೩ರಲ್ಲಿ ಪುಸ್ತಕವಾಗಿ ಬರೆದರು. ಓದಿದವರು ಲಕ್ಷಾಂತರ.

ಇನ್ನು ಪುಣೆಯ ಕನ್ನಡಿಗರಾದ ನಮ್ಮ ಮಾತಿಗೆ ಬರೋಣ. ಇಲ್ಲಿಯ ಸಮೃದ್ಧಿಯೂ ಅದೇ ಕಾಲದಲ್ಲಿ, ಆದರೆ ಬಹು ಸಾವಕಾಶವಾಗಿ ಆರಂಭವಾಯಿತು. ೧೯೫೪ರಲ್ಲಿ ಪಿಂಪರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರಖಾನೆ ತಲೆಯೆತ್ತಿತು. ಮುಂದಿನ ದಶಕದಲ್ಲಿ ಆಕುರ್ಡಿಯಲ್ಲಿ ಬಜಾಜ್, ಪಿಂಪರಿಯ ಬಳಿ ಟೆಲ್ಕೊ ಬಂದವು. ಖಡಕಿಯ ಮದ್ದುಗುಂಡಿನ ಕಾರಖಾನೆ, ಸೈನ್ಯದ ಲೆಕ್ಕಪತ್ರದ ಕಚೇರಿಗಳು ಮೊದಲೇ ಇದ್ದವು. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರ್ಗಿಯ ಕಡೆಯವರು ನೌಕರಿಗೆಂದು ಬಂದರು; ಉಡುಪಿ ಕಡೆಯವರು ಹೋಟೆಲು ತೆರೆದರು. ಗಂಡ ಮೊದಲು ಬಂದು ಒಂದು ಖೋಲಿ ಹಿಡಿಯುತ್ತಿದ್ದ. ಹೆಂಡತಿ ಹಿಂದಿನಿಂದ ಟ್ರಂಕು, ರೊಟ್ಟಿಯ ಹಂಚು ಹೊತ್ತುಕೊಂಡು ರೈಲು ಇಳಿಯುತ್ತಿದ್ದಳು.

ಊರಿನ ಕೂಡುಕುಟುಂಬದಲ್ಲಿ ಕೆಲಸ ರಾಶಿ, ಆದರೆ ಕೈಗಳೂ ನಾಲ್ಕಾರು. ಅತ್ತೆ, ವೈನಿ, ನಾದಿನಿ ಎಲ್ಲರೂ ಇದ್ದರು. ಪುಣೆಯ ಪೇಟೆಗಳ ಹಳೆಯ ವಾಡೆಗಳಲ್ಲಿ ಅವರ್ಯಾರೂ ಇರಲಿಲ್ಲ. ಆದರೂ ಅಂಗಳ ಒಂದೇ, ನಳ ಒಂದೇ. ನೀರು ಹಿಡಿಯುವಾಗ ಮರಾಠಿ ಮಾತು ಕಲಿತವರು, ಪಕ್ಕದ ಕಾಕೂಗಳ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ೧೯೬೧ರ ಜುಲೈ ೧೨ರಂದು ಪಾನಶೇತ ಅಣೆಕಟ್ಟು ಒಡೆದು ಹೊಳೆದಂಡೆಯ ಪೇಟೆಗಳಿಗೆ ನೀರು ನುಗ್ಗಿತು. ಅನೇಕ ವಾಡೆಗಳು ಕೊಚ್ಚಿಹೋದವು. ಊರ ಹೊರಗೆ ಹೊಸ ವಸಾಹತುಗಳು ಎದ್ದವು. ಮುಂದೆ ವಾಡೆಗಳ ಜಾಗದಲ್ಲಿಯೂ ಫ್ಲ್ಯಾಟುಗಳಾದವು. ಮನೆಗೊಂದು ನಳ ಬಂದಿತು, ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲಿನೊಳಗೆ ಒಂದೊಂದಾಗಿ ಯಂತ್ರಗಳು ಬಂದವು. ೧೯೫೫ರಲ್ಲಿ ಮುಂಬಯಿಯಲ್ಲಿ ಬರ್ಮಾ ಶೆಲ್ ಕಂಪನಿ ಅಡಿಗೆ ಗ್ಯಾಸು ಮಾರಲು ತೊಡಗಿತು. ೧೯೬೫ರಲ್ಲಿ ಕಲಕತ್ತೆಯಿಂದ ಇಂಡೇನ್ ಆರಂಭವಾಯಿತು. ಸಾಧಾರಣ ಸಂಸಾರಗಳು ಅದಕ್ಕೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯ್ದವು. ಅಲ್ಲಿಯವರೆಗೆ ಸೀಮೆಎಣ್ಣೆಯ ಸ್ಟೋವೇ ಗತಿ. ಹಾಕಿನ್ಸ್, ಪ್ರೆಸ್ಟೀಜ್ ಕುಕ್ಕರುಗಳು ಎರಡೂ ೧೯೫೯ರ ಹೊತ್ತಿಗೆ ಆರಂಭವಾದವು. ಮಿಕ್ಸರಿನ ಕತೆ ಇನ್ನೂ ಸ್ವಾರಸ್ಯದ್ದು. ಮುಂಬಯಿಯ ಇಂಜಿನಿಯರ್ ಸತ್ಯಪ್ರಕಾಶ ಮಾಥುರರ ಪತ್ನಿಯ ಬಳಿ ಜರ್ಮನಿಯ ಮಿಕ್ಸರೊಂದಿತ್ತು. ನಮ್ಮ ಬೇಳೆ-ಮಸಾಲೆಗಳ ಹೊಡೆತ ತಾಳದೆ ಅದರ ಮೋಟರು ಸುಟ್ಟಿತು. ಆಗ ಮಾಥುರರು ನಮ್ಮ ಅಡಿಗೆಗೆ ತಡೆಯುವ ಗಟ್ಟಿ ಮೋಟರನ್ನು ತಾವೇ ರಚಿಸಿದರು. ಅದೇ ಸುಮೀತ್ ಮಿಕ್ಸರು.

ಈ ಯಂತ್ರಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬೀಸುವ ಪದಗಳು ಎಷ್ಟು ಇಂಪಾಗಿದ್ದವು ಎಂದು ಸಭೆಗಳಲ್ಲಿ ಮಾತನಾಡುವ ಗಂಡಸರು ಬೆಳಗಿನ ನಾಲ್ಕಕ್ಕೆದ್ದು ಬೀಸುಕಲ್ಲಿನ ಗೂಟ ಹಿಡಿದವರಲ್ಲ. ನಮ್ಮ ಅಜ್ಜಿಯ ಕಣ್ಣು ಕೆಟ್ಟದ್ದು ಒಲೆಯ ಹೊಗೆಯಿಂದಲೇ ಎಂದು ತಾಯಿಯವರು ಇಂದಿಗೂ ನಂಬಿದ್ದಾರೆ. "ಆ ಕಲ್ಲ ಹೋತಲ್ಲ, ಪೀಡಾ ಹೋತು," ಎನ್ನುತ್ತಾರೆ. ಯಂತ್ರ ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಪ್ರಶ್ನೆ, ಉಳಿದ ಹೊತ್ತನ್ನು ಯಾರು ತೆಗೆದುಕೊಂಡರು ಎಂಬುದು.

ಭಾರತ ಸರಕಾರ ೨೦೧೯ರಲ್ಲಿಯೂ ೨೦೨೪ರಲ್ಲಿಯೂ ಜನರು ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದ ತುಂಬ ಲೆಕ್ಕ ತೆಗೆಯಿತು. ೨೦೨೪ರ ಲೆಕ್ಕದಂತೆ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ ೨೮೯ ನಿಮಿಷ ಅದರಲ್ಲಿ ಕಳೆದರೆ, ಮಾಡಿದ ಗಂಡಸರು ಕಳೆದದ್ದು ೮೮ ನಿಮಿಷ. ಅದಕ್ಕೆ ಕೈಯನ್ನೇ ಹಾಕದ ಗಂಡಸರು ಈ ೮೮ರ ಲೆಕ್ಕದಲ್ಲಿ ಬರುವುದೇ ಇಲ್ಲ. ೨೦೧೯ರಲ್ಲಿ ಇವು ೨೯೯ ಮತ್ತು ೯೭ ಆಗಿದ್ದವು. ಐದು ವರ್ಷಗಳಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಇಳಿದರೆ ಗಂಡಸರದು ಒಂಬತ್ತು ನಿಮಿಷ ಇಳಿದಿದೆ. ಪುರುಷರು ಹಿಂದೆ ಬೀಳಲಿಲ್ಲ!

ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವುದು ನಮ್ಮ ಕೆಲಸಗಳಲ್ಲೊಂದು. ತಾಯಿಯವರ ಮಾತು ಮನಸ್ಸಿನಲ್ಲಿ ಉಳಿದಿತ್ತಾದ್ದರಿಂದ ಒಂದು ವಾರ ಮನೆಯ ಹಾಜರಿಯನ್ನೂ ಬರೆದು ನೋಡಿದೆವು. ನಾವೂ ಸಂಸಾರದಲ್ಲಿ ಸಾಕಷ್ಟು ಕೈಗೂಡಿಸುತ್ತೇವೆ ಎಂಬ ನಂಬಿಕೆ ನಮಗಿತ್ತು. ವಾರದ ಕೊನೆಗೆ ಕೂಡಿಸಿದಾಗ ನಮ್ಮ ಪಾಲು ದಿನಕ್ಕೆ ಮೂವತ್ತೈದು ನಿಮಿಷ: ಹಾಲು ತರುವುದು, ಕಸದ ಬುಟ್ಟಿ ಇಳಿಸುವುದು, ಗಡಿಯಾರದಂತೆ ತಪ್ಪದೆ ಚಹಾ ಎಲ್ಲಿ ಎಂದು ಕೇಳುವುದು. ಮನೆಯಾಕೆಯದು ಆರು ಗಂಟೆ ನಲವತ್ತು ನಿಮಿಷ. ಬಟ್ಟೆಯ ಯಂತ್ರ ತಾನಾಗಿ ತಿರುಗುತ್ತದೆ ನಿಜ. ಆದರೆ ತುಂಬುವುದು, ಹಿಂಡಿ ಒಣಹಾಕುವುದು, ಮಡಿಚುವುದು, ಇಸ್ತ್ರಿ ಮಾಡುವುದು ಅದಕ್ಕೆ ಬಾರದು. ನಮ್ಮ ಬಾಲ್ಯದಲ್ಲಿ ಎರಡು ಅಂಗಿಯಲ್ಲಿ ಶಾಲೆಯ ವಾರ ಕಳೆಯುತ್ತಿತ್ತು. ಈಗ ದಿನಕ್ಕೊಂದು ಸಮವಸ್ತ್ರ. ಆಗ ರೊಟ್ಟಿ, ಒಂದು ಪಲ್ಯ, ಚಟ್ನಿಪುಡಿ. ಈಗ ಬೆಳಗಿನ ಆರೂವರೆಗೆ ಮೂರು ಡಬ್ಬಿ, ಮೂರರಲ್ಲಿಯೂ ಬೇರೆ ಬೇರೆ.

ಈ ಹಾಜರಿಯಲ್ಲಿ ನಮ್ಮನ್ನು ಚುಚ್ಚಿದ್ದು ಅಂಕಿಗಳಲ್ಲ. ನಮ್ಮ ಮಗ ಮೂರನೆಯ ಇಯತ್ತೆಯಲ್ಲಿದ್ದಾನೆ. ಇಂಗ್ಲಿಷ್, ಮರಾಠಿ, ಹಿಂದಿ ಓದುತ್ತಾನೆ. ಕನ್ನಡ ಮಾತನಾಡುತ್ತಾನೆ, ಆದರೆ ಅಜ್ಜಿ ಅವನ ಹುಟ್ಟುಹಬ್ಬಕ್ಕೆ ಬರೆದ ಕಾಗದವನ್ನು ಓದಲಾರ. ನಮ್ಮ ಓಣಿಯ ಐದಾರು ಕನ್ನಡ ಮಕ್ಕಳದೂ ಇದೇ ಪಾಡು. ರವಿವಾರ ಮುಂಜಾನೆ ಅವರನ್ನು ಕೂಡಿಸಿ ಅಕ್ಷರ ಕಲಿಸಬೇಕೆಂದು ನಮ್ಮಾಕೆ ಎರಡು ವರ್ಷದಿಂದ ಹೇಳುತ್ತಿದ್ದಳು. ಪಾಟಿಗಳನ್ನೂ ಕೊಂಡಿಟ್ಟಿದ್ದಳು. ಅವು ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದವು.

ನಮಗೆ ಮೊದಲು ಹೊಳೆದದ್ದು ಇನ್ನೊಂದು ಯಂತ್ರ. ಪಾತ್ರೆ ತೊಳೆಯುವ ಮಷೀನು ತರೋಣವೆಂದೆವು. "ಅದರಾಗ ಪಾತ್ರಿ ಜೋಡಸವ್ರು ಯಾರು?" ಎಂದಳು. ಅಮೇರಿಕೆಯ ಪಂಡಿತರು ಗ್ರಂಥ ಬರೆದು ತಿಳಿಸಿದ್ದು ಒಂದು ಮಾತಿನಲ್ಲಿ ಮುಗಿಯಿತು.

ಇಲ್ಲಿ ಪುಣೆಯದೇ ಒಬ್ಬ ಮಹಿಳೆಯ ನೆನಪಾಗುತ್ತದೆ. ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ೧೮೫೮ರಲ್ಲಿ, ನಮ್ಮ ಪಶ್ಚಿಮಘಟ್ಟದ ಕಾಡಿನ ಗಂಗಾಮೂಲದಲ್ಲಿ. ೧೮೮೬ರಲ್ಲಿ ಅಮೇರಿಕೆಗೆ ಹೋಗಿ, ಸುತ್ತಿ, ೧೮೮೯ರಲ್ಲಿ ಆ ದೇಶದ ಬಗೆಗೆ ಮರಾಠಿಯಲ್ಲಿ ಪುಸ್ತಕ ಬರೆದರು. ಅಲ್ಲಿಯ ಹೆಂಗಸರು ಕೂಡಿ ಕಟ್ಟಿದ ಸಂಘಗಳೂ ವಿದ್ಯೆಯೂ ಅವರ ಮನಸ್ಸನ್ನು ಸೆಳೆದವು. ಬಂದವರೇ ಶಾರದಾಸದನವನ್ನು ತೆರೆದು, ಮರುವರ್ಷ ಮುಂಬಯಿಯಿಂದ ಪುಣೆಗೆ ತಂದರು. ಅಮೇರಿಕೆಯಿಂದ ನಾವು ಮಿಕ್ಸರು, ಮಷೀನುಗಳಿಗಿಂತ ಮೊದಲು ತಂದದ್ದು ಇದು. ೧೯೫೯ರಲ್ಲಿ, ಕುಕ್ಕರಿನ ವರ್ಷವೇ, ಮುಂಬಯಿಯ ಗಿರಗಾವಿಯಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಿದರು. ಅದು ಲಿಜ್ಜತ್ ಆಯಿತು. ಹೊತ್ತು ತಮ್ಮದಾದಾಗ ಹೆಂಗಸರು ಅದನ್ನು ಏನು ಮಾಡಬಲ್ಲರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಆದ ಏರ್ಪಾಡು ಚಿಕ್ಕದು. ಬೆಳಗಿನ ಡಬ್ಬಿಗಳನ್ನು ತುಂಬುವುದು, ಒಣಗಿದ ಬಟ್ಟೆ ಮಡಿಚುವುದು ನಮ್ಮದೂ ಮಗನದೂ. ರವಿವಾರ ಒಂಬತ್ತರಿಂದ ಹನ್ನೊಂದರವರೆಗೆ ಅಡಿಗೆಮನೆ ಪೂರ್ತಿ ನಮ್ಮದು. ಮೊದಲ ರವಿವಾರ ಉಪ್ಪಿಟ್ಟು ತಳ ಹಿಡಿಯಿತು. ಎರಡನೆಯದರಲ್ಲಿ ಉಪ್ಪು ಮರೆತಿತ್ತು. ಹೊರಗಿನ ಕೋಣೆಯಲ್ಲಿ ನಾಲ್ಕು ಮಕ್ಕಳು ಪಾಟಿ ಹಿಡಿದು ಕುಳಿತಿದ್ದರು. ಎರಡು ವಾರ ನೆಂಟರು ಬಂದು ಪಾಠ ತಪ್ಪಿತು. ಒಮ್ಮೆ ನಾವೇ ಏಳಲಿಲ್ಲ, ಅದನ್ನೂ ಹಾಜರಿಯಲ್ಲಿ ಬರೆದಿದ್ದೇವೆ.

ತಾಯಿಯವರಿಗೆ ಫೋನಿನಲ್ಲಿ ಹೇಳಿದಾಗ, "ಗಂಡಸ ಮನಶಾ ಒಲೀ ಮುಂದ ನಿಂತ್ರ ಹೆಂಗೋ?" ಎಂದು ಗೊಣಗಿದರು. ಮರುವಾರ ಅವರೇ ಕೇಳಿದರು: "ಹುಡುಗ ಎಷ್ಟ ಅಕ್ಷರ ಕಲತಾನ?" 'ಳ'ದವರೆಗೆ ಬಂದಿದ್ದಾನೆ, ಇನ್ನು ಕಾಗುಣಿತ ಎಂದೆವು. "ಹಂಗಾದ್ರ ದೊಡ್ಡ ಅಕ್ಷರದಾಗ ಬರೀತೇನಿ," ಎಂದರು.

ವಾಚಕರಲ್ಲಿ ನಮ್ಮದೊಂದು ವಿನಂತಿ. ಒಂದೇ ಒಂದು ವಾರ ತಮ್ಮ ಮನೆಯ ಹಾಜರಿಯನ್ನು ಬರೆದು ನೋಡಿರಿ. ಬರೆಯುವ ಕೆಲಸವನ್ನು ಮಾತ್ರ ಮನೆಯಾಕೆಯ ಮೇಲೆ ಹೊರಿಸಬೇಡಿರಿ.